ದೀಕ್ಷಾಸ್ನಾನದ ಮರುದಿನ ಸೋಮವಾರ

ಭಾನುವಾರ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗುತ್ತದೆ, ಒಬ್ಬ ಮನುಷ್ಯ ಕ್ರೈಸ್ತ ಸಭೆಗೆ ಸೇರುತ್ತಾನೆ. ಬಿಳಿ ಬಟ್ಟೆ, ಹಾಡು, ಫೋಟೊ, ರಿಜಿಸ್ಟರಿನಲ್ಲಿ ಹೆಸರು, ಹೊರಗೆ ಊಟ. ಸೋಮವಾರ ಬೆಳಗ್ಗೆ ಅದೇ ಮನುಷ್ಯ ಫ್ಯಾಕ್ಟರಿ ಬಸ್ಸು ಹತ್ತುತ್ತಾನೆ, ಇಲ್ಲವೇ ಹೊಲಕ್ಕೆ ಹೋಗುತ್ತಾನೆ. ಮನೆಯಲ್ಲಿ ಅದೇ ಸಂಘದ ಸಾಲ. ಅಣ್ಣನ ಜೊತೆ ನಿಂತುಹೋದ ಮಾತು ನಿಂತೇ ಇದೆ. ಅವನ ಪಕ್ಕ ಕೂತು, ನಿನ್ನೆ ಎಲ್ಲರೆದುರು ಹೇಳಿದ್ದನ್ನು ಈ ಮನೆಯಲ್ಲಿ, ಈ ಕೆಲಸದಲ್ಲಿ ಹೇಗೆ ಬಾಳುವುದು ಎಂದು ಮಾತಾಡುವವರು ಯಾರು? ಬಹಳಷ್ಟು ಸಭೆಗಳಲ್ಲಿ ಈ ಪ್ರಶ್ನೆ ಕೇಳಿದರೆ ಒಂದು ಹೆಸರು ಬರುವುದಿಲ್ಲ. "ಅಯ್ಯನವರು ಇದ್ದಾರಲ್ಲ" ಎಂದು ಸಭಾಪಾಲಕರನ್ನು ತೋರಿಸುವ ಉತ್ತರ ಬರುತ್ತದೆ.

ಅಯ್ಯನವರ ಲೆಕ್ಕ ನೋಡೋಣ. 150 ಮನೆಗಳ ಸಭೆ. ವಾರಕ್ಕೆ 3 ಮನೆ ಭೇಟಿ ಮಾಡಿದರೆ ಎಲ್ಲ ಮನೆ ಮುಗಿಯಲು 50 ವಾರ ಬೇಕು. ಅಂದರೆ ಒಂದು ಮನೆಗೆ ವರ್ಷಕ್ಕೆ ಒಂದೇ ಸಲ, ಅದೂ ಕಾಯಿಲೆ, ಸಾವು, ಮದುವೆ, ಕಮಿಟಿ ತಕರಾರು ಯಾವುದೂ ಅಡ್ಡ ಬಾರದಿದ್ದರೆ. ವರ್ಷಕ್ಕೊಮ್ಮೆ ಅರ್ಧ ಗಂಟೆ ಕೂತು, ಚಹಾ ಕುಡಿದು, ಪ್ರಾರ್ಥನೆ ಮಾಡಿ ಎದ್ದರೆ ಯಾರೂ ಬೆಳೆಯುವುದಿಲ್ಲ. ತಪ್ಪು ಅಯ್ಯನವರದ್ದಲ್ಲ. ಒಬ್ಬರ ಮೇಲೆ ಹೊರಿಸಬಾರದ ಹೊರೆಯನ್ನು ಹೊರಿಸಿದ್ದೇವೆ, ಅಷ್ಟೇ.

ಮತ್ತಾಯ 28:20ರಲ್ಲಿ ಯೇಸು ತನ್ನವರಿಗೆ ಹೇಳಿದ ಕೆಲಸವನ್ನು ನಮ್ಮ ಹಳೆಯ ಸತ್ಯವೇದ (ಬೈಬಲ್) ಬಹಳ ಚೆನ್ನಾಗಿ ಕನ್ನಡಕ್ಕೆ ತಂದಿದೆ. ತಾನು ಆಜ್ಞಾಪಿಸಿದ್ದನ್ನೆಲ್ಲ "ಕಾಪಾಡಿಕೊಳ್ಳುವದಕ್ಕೆ" ಉಪದೇಶ ಮಾಡಿರಿ ಎಂದಿದೆ ಅಲ್ಲಿ. ತಿಳಿಸುವುದು ಬೇರೆ, ಕಾಪಾಡಿಕೊಳ್ಳುವುದಕ್ಕೆ ಕಲಿಸುವುದು ಬೇರೆ. ತಿಳಿಸಲು 40 ನಿಮಿಷದ ಪ್ರಸಂಗ ಸಾಕು. ಕಾಪಾಡಿಕೊಳ್ಳಲು ಕಲಿಸಬೇಕಾದರೆ ಮುಂದಿನ ವಾರ ಹೋಗಿ "ಏನಾಯ್ತು?" ಎಂದು ಕೇಳಬೇಕು. ಪೀಠದ ಮೇಲಿಂದ ಆ ಪ್ರಶ್ನೆ ಕೇಳಲು ಆಗುವುದಿಲ್ಲ, ಕೆಳಗೆ ಕೂತ 200 ಜನ ಉತ್ತರಿಸಲೂ ಆಗುವುದಿಲ್ಲ. ಪ್ರಸಂಗ ಬೇಡವೆಂದು ಯಾರೂ ತಿಳಿಯಬಾರದು. ಪ್ರಸಂಗ ಮಳೆಯ ಹಾಗೆ, ಎಲ್ಲರ ಹೊಲದ ಮೇಲೂ ಬೀಳುತ್ತದೆ. ಕಳೆ ಕೀಳುವವರು ಮಾತ್ರ ಪ್ರತಿ ಹೊಲಕ್ಕೂ ಬೇರೆ ಬೇರೆ ಬೇಕು.

ಇದು ಹೊಸ ಮಾತೂ ಅಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟರೆಂಬ ಕ್ರೈಸ್ತ ಗುಂಪಿನ ಕೂಟದ ಕಟ್ಟಡದ ಮೇಲೆ ಸಾಲವಿತ್ತು. ಅದನ್ನು ತೀರಿಸಲು ಸದಸ್ಯರನ್ನು ಹನ್ನೆರಡು ಹನ್ನೆರಡು ಜನರಾಗಿ ಹಂಚಿ, ಪ್ರತಿ ಗುಂಪಿನಲ್ಲಿ ಒಬ್ಬರು ತಲಾ ವಾರಕ್ಕೆ ಒಂದು ಪೆನ್ನಿ ಸಂಗ್ರಹಿಸುವುದೆಂದು ಗೊತ್ತುಮಾಡಿದರು. ಹಣ ಕೇಳಲು ಮನೆಮನೆಗೆ ಹೋದವರಿಗೆ ಕಂಡದ್ದೇ ಬೇರೆ. ಒಬ್ಬ ಮನೆಯಲ್ಲಿ ಹೆಂಡತಿಯೊಡನೆ ಜಗಳವಾಡುತ್ತಿದ್ದ, ಇನ್ನೊಬ್ಬ ಕುಡಿದಿದ್ದ. ಮೆಥೊಡಿಸ್ಟರ ನಾಯಕ ಜಾನ್ ವೆಸ್ಲಿಗೆ ಆಗ ಹೊಳೆಯಿತು, ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಎಂದು. ಸಾಲ ತೀರಿಸಲು ಮಾಡಿದ ಏರ್ಪಾಟು ವಾರಕ್ಕೊಮ್ಮೆ ಕೂತು "ನಿನ್ನ ಆತ್ಮ ಹೇಗಿದೆ" ಎಂದು ವಿಚಾರಿಸುವ ಏರ್ಪಾಟಾಯಿತು. ಬೀದರಿನಲ್ಲಿ, ಕೋಲಾರದಲ್ಲಿ ಇವತ್ತು ಮೆಥೊಡಿಸ್ಟ್ ಸಭೆಗಳಿವೆ. ಅವುಗಳ ಬೇರು ಹಿಡಿದು ಹೋದರೆ ಸಿಗುವುದು ಆ ಸಣ್ಣ ಗುಂಪೇ. ಕರಾವಳಿಯಲ್ಲೂ ಧಾರವಾಡದ ಕಡೆಯೂ ಇದೇ ಕೆಲಸಕ್ಕೆ ಇನ್ನೊಂದು ಹೆಸರಿತ್ತು: ಉಪದೇಶಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಪಾದ್ರಿಗಳ ಜೊತೆಗೆ ಊರಿನವರೇ ಆದ ಉಪದೇಶಿಗಳಿದ್ದರು. ಆ ಹುದ್ದೆ ಕಾಣದಾದ ಕಡೆ ಮನೆಮನೆಯ ಕೆಲಸಕ್ಕೆ ಕೈಗಳಿಲ್ಲದೆ ಹೋಯಿತು. ಸಂಬಳದ ಉಪದೇಶಿಯನ್ನು ಮತ್ತೆ ನೇಮಿಸುವುದು ಎಲ್ಲ ಸಭೆಗೂ ಸಾಧ್ಯವಿಲ್ಲ. ವಾರಕ್ಕೊಮ್ಮೆ ಕೂರುವ ಸಣ್ಣ ಗುಂಪುಗಳಲ್ಲಿ ಸದಸ್ಯರಲ್ಲೇ ಆ ಕೈಗಳನ್ನು ಬೆಳೆಸುವುದು ಸಾಧ್ಯ.

ಬೆಳವಣಿಗೆ ಎಂದರೆ ಏನೆಂದು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ನಾಲ್ಕು ವರ್ಷ ದುಡಿದು ತಪ್ಪು ಫಸಲು ತೆಗೆಯುತ್ತೇವೆ. ಉದ್ದ ಪ್ರಾರ್ಥನೆ ಮಾಡುವವರನ್ನು, ವಾಕ್ಯ ಬಾಯಿಪಾಠ ಹೇಳುವವರನ್ನು, 30 ವರ್ಷದಿಂದ ಅದೇ ಬೆಂಚಿನಲ್ಲಿ ಕೂರುವವರನ್ನು ಪಕ್ವರೆಂದು ನಾವು ಎಣಿಸಿಬಿಡುತ್ತೇವೆ. ಕೊರಿಂಥ ಪಟ್ಟಣದ ಸಭೆಯವರಿಗೆ ಯಾವ ವರವೂ ಕಡಿಮೆ ಇರಲಿಲ್ಲ. ಆದರೂ 1 ಕೊರಿಂಥ 3ರಲ್ಲಿ ಅಪೊಸ್ತಲ ಪೌಲ ಅವರನ್ನು ಕೂಸುಗಳೆನ್ನುತ್ತಾನೆ, ಏಕೆಂದರೆ ಅವರಲ್ಲಿ ಹೊಟ್ಟೆಕಿಚ್ಚೂ ಜಗಳವೂ ಇದ್ದವು. ಇಬ್ರಿಯ 5:14 ಇನ್ನೂ ನೇರವಾಗಿದೆ: ಗಟ್ಟಿ ಆಹಾರ ತಿನ್ನುವವರು ಯಾರೆಂದರೆ, ರೂಢಿ ಮಾಡಿ ಮಾಡಿ ಒಳ್ಳೆಯದು ಕೆಟ್ಟದ್ದರ ಭೇದ ತಿಳಿಯುವ ಶಕ್ತಿ ಪಡೆದವರು. ಹಾಗಾಗಿ ಕಣ್ಣಿಗೆ ಕಾಣುವ ಗುರುತುಗಳನ್ನೇ ಇಟ್ಟುಕೊಳ್ಳಿ. ಯಾರೂ ಹೇಳದೆ ಸತ್ಯವೇದ ತೆರೆಯುತ್ತಾನೆಯೇ? ತಪ್ಪು ತೋರಿಸಿದರೆ ಮುಂದಿನ ವಾರ ಬರುತ್ತಾನೆಯೇ? ಮುರಿದ ಸಂಬಂಧವನ್ನು ತಾನೇ ಮುಂದಾಗಿ ಜೋಡಿಸಲು ಹೋದನೇ? ಸಭೆಗೆ ಬಾರದವರನ್ನು ಗಮನಿಸಿ ಫೋನ್ ಮಾಡುತ್ತಾಳೆಯೇ? ನನ್ನ ಮಟ್ಟಿಗೆ ಕೊನೆಯದ್ದು ಎಲ್ಲಕ್ಕಿಂತ ನಂಬಬಹುದಾದ ಗುರುತು. ತನ್ನ ಹೊಟ್ಟೆ ತುಂಬಿದವರಿಗೆ ಮಾತ್ರ ಪಕ್ಕದ ಖಾಲಿ ಜಾಗ ಕಾಣುತ್ತದೆ.

ಗುಂಪು ಕಟ್ಟುವುದು

ನಡೆಸುವವರು ಒಬ್ಬರು, ಜೊತೆಗೆ ಇಬ್ಬರು ಅಥವಾ ಮೂವರು. ಅದಕ್ಕಿಂತ ಹೆಚ್ಚು ಬೇಡ. ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ. ಎಂಟು ಜನ ಕೂತರೆ ಇಬ್ಬರು ಮಾತಾಡುತ್ತಾರೆ, ಆರು ಜನ ಅವರ ಹಿಂದೆ ಅಡಗುತ್ತಾರೆ. ಅದು ಮನೆಕೂಟವಾಯಿತು. ಮನೆಕೂಟಕ್ಕೂ ಬೆಲೆ ಇದೆ, ಆದರೆ ಈ ಕೆಲಸ ಅಲ್ಲಿ ಆಗುವುದಿಲ್ಲ. ಒಬ್ಬರೆದುರು ಒಬ್ಬರೇ ಕೂತರೂ ತೊಂದರೆಯಿದೆ. ಎರಡು ತಿಂಗಳಲ್ಲಿ ಅದು ಸಮಸ್ಯೆ ಹೇಳಿಕೊಂಡು ಪರಿಹಾರ ಕೇಳುವ ಜಾಗವಾಗುತ್ತದೆ, ನಡೆಸುವವರು ಗುರುಗಳಾಗಿಬಿಡುತ್ತಾರೆ. ಮೂರನೆಯವರು ಇದ್ದರೆ ಉತ್ತರ ಯಾವಾಗಲೂ ಒಂದೇ ಬಾಯಿಂದ ಬರುವುದಿಲ್ಲ.

ಯಾರನ್ನು ಕರೆಯಬೇಕು? 2 ತಿಮೊಥೆ 2:2ರಲ್ಲಿ ಪೌಲ ಕೇಳುವುದು ಮೊದಲು ನಂಬಿಗಸ್ತಿಕೆಯನ್ನು, ಆಮೇಲೆ ಬೋಧಿಸುವ ಶಕ್ತಿಯನ್ನು. ನಾವು ತಿರುವುಮುರುವು ಮಾಡುತ್ತೇವೆ. ಚೆನ್ನಾಗಿ ಹಾಡುವ ಹುಡುಗ, ಇಂಗ್ಲಿಷ್ ಬರುವ ಹುಡುಗಿ, ಕಮಿಟಿಯವರ ಮಗ ಮೊದಲು ಕಣ್ಣಿಗೆ ಬೀಳುತ್ತಾರೆ. ಒಂದು ಸಣ್ಣ ಪರೀಕ್ಷೆ ಇದೆ. ಮೂರು ವಾರ ಸಣ್ಣದೊಂದು ಕೆಲಸ ಹೇಳಿ: ಆರಾಧನೆಗೆ 20 ನಿಮಿಷ ಮೊದಲು ಬಂದು ಜಮಖಾನೆ ಹಾಸುವುದು, ಹಾಸಿಗೆ ಹಿಡಿದ ಅಜ್ಜಿಗೆ ವಾರಕ್ಕೊಮ್ಮೆ ಕೀರ್ತನೆ ಓದಿ ಹೇಳುವುದು. ಮೂರು ವಾರವೂ ಮಾಡಿದವರನ್ನು ಕರೆಯಿರಿ. ಪೀಠದಿಂದ "ಆಸಕ್ತರು ಹೆಸರು ಕೊಡಿ" ಎಂದು ಪ್ರಕಟಣೆ ಕೊಡಬೇಡಿ. ಬರುವವರು 15 ಜನ, ಮೂರನೇ ವಾರಕ್ಕೆ ಉಳಿಯುವವರು 4, ಸಭೆಗೆಲ್ಲ ಅದು ಸೋಲಾಗಿ ಕಾಣುತ್ತದೆ. ಯೇಸು ರಾತ್ರಿಯೆಲ್ಲ ಪ್ರಾರ್ಥಿಸಿ ಆಮೇಲೆ ಶಿಷ್ಯರಲ್ಲಿ ಹನ್ನೆರಡು ಜನರನ್ನು ಆರಿಸಿಕೊಂಡನೆಂದು ಲೂಕ 6 ಹೇಳುತ್ತದೆ. ನೀವೂ ಒಬ್ಬೊಬ್ಬರ ಹತ್ತಿರ ಹೋಗಿ ಕೇಳಿ.

ಕರೆಯುವಾಗಲೇ ಮುಗಿಯುವ ದಿನವನ್ನೂ ಹೇಳಬೇಕು. ವರ್ಷಕ್ಕೆ 52 ವಾರ. ಅದರಲ್ಲಿ 40 ವಾರ ಕೂರುವುದು, 12 ವಾರ ಬಿಡುವು. ಕ್ರಿಸ್ಮಸ್, ಶ್ರಮೆಯ ವಾರ, ಮಕ್ಕಳ ಪರೀಕ್ಷೆ, ಸುಗ್ಗಿ ಎಲ್ಲ ಈ 12ರಲ್ಲೇ ಬರಬೇಕು. ಮುಗಿಯುವ ದಿನ ಗೊತ್ತಿಲ್ಲದ ಗುಂಪಿನಿಂದ ಜನ ನೆಪ ಹೇಳಿ ಕಳಚಿಕೊಳ್ಳುತ್ತಾರೆ. ಗೊತ್ತಿದ್ದರೆ ಹಲ್ಲು ಕಚ್ಚಿಯಾದರೂ ಮುಗಿಸುತ್ತಾರೆ.

ಮೊದಲ ದಿನ ಪುಸ್ತಕ ತೆರೆಯುವ ಮುಂಚೆ ಐದು ಮಾತು ಬಾಯಿಬಿಟ್ಟು ಒಪ್ಪಿಕೊಳ್ಳಿ. ಸಹಿ ಬೇಡ. ವಾರ, ಗಂಟೆ ಬದಲಾಗುವುದಿಲ್ಲ. ಓದದೆ ಬಂದರೂ ಬರಲೇಬೇಕು, ಆದರೆ ಓದಿಲ್ಲವೆಂದು ಹೇಳಬೇಕು. ಇಲ್ಲಿನ ಮಾತು ಹೊರಗೆ, ಗಂಡ ಹೆಂಡತಿಗೂ, ಹೋಗಬಾರದು. ಗುಂಪಿನೊಳಗೆ ಸಾಲ ಕೊಡುವುದಾಗಲಿ ಚೀಟಿ ಹಾಕುವುದಾಗಲಿ ಇಲ್ಲ. ಮುಂದಿನ ವರ್ಷ ನಾನೂ ಒಬ್ಬರ ಜೊತೆ ಕೂರಲು ಪ್ರಯತ್ನಿಸುತ್ತೇನೆ. ಸಾಲದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಸಾವಿರ ರೂಪಾಯಿ ಕೈಗಡ ಪಡೆದವನು ವಾಪಸ್ ಕೊಡಲಾಗದಿದ್ದರೆ ಮೊದಲು ತಪ್ಪಿಸಿಕೊಳ್ಳುವುದು ಆ ವಾರದ ಕೂಟವನ್ನೇ. ನಿಜವಾದ ಕಷ್ಟ ಬಂದರೆ ಸಭೆಯ ಸಹಾಯನಿಧಿಯ ದಾರಿ ತೋರಿಸಿ, ಇಲ್ಲವೇ ವಾಪಸ್ ಬೇಡವೆಂದು ಕೊಡಿ.

ಗುಟ್ಟಿನ ಮಾತಿಗೆ ಒಂದು ಹೊರತಿದೆ, ಅದನ್ನೂ ಮೊದಲ ದಿನವೇ ಹೇಳಿಡಬೇಕು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಸುಮ್ಮನಿರುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ ಒಂದು ಅಪರಾಧ. ಮಕ್ಕಳ ಸಹಾಯವಾಣಿ 1098. "ಸಭೆಯ ಮರ್ಯಾದೆ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಏನು ಓದುವುದು, ಎಲ್ಲಿ ಕೂರುವುದು

ದುಬಾರಿ ಪಾಠಪುಸ್ತಕ ಬೇಕಿಲ್ಲ. ಮಾರ್ಕನ ಸುವಾರ್ತೆ 16 ಅಧ್ಯಾಯ, 16 ವಾರ. ನಂತರ ಫಿಲಿಪ್ಪಿ 4, ಯಾಕೋಬ 5, ರೂತಳು 4, ಎಫೆಸ 6. ಒಟ್ಟು 35. ಉಳಿದ 5 ವಾರ ಪ್ರಾರ್ಥನೆ, ಹಣ, ಕ್ಷಮೆ, ದುಡಿಮೆ, ಮನೆಯಲ್ಲಿ ಸಾಕ್ಷಿ ಎಂಬ ವಿಷಯಗಳಿಗೆ. ಈ ಐದನ್ನು ಕೊನೆಗೆ ಗುಡ್ಡೆ ಹಾಕಬೇಡಿ, ಅಲ್ಲಲ್ಲಿ ಸೇರಿಸಿ. ಯಾಕೋಬ 2 ಓದಿದ ಮರುವಾರ ಹಣ, ಎಫೆಸ 4 ಆದ ಮರುವಾರ ಕ್ಷಮೆ, ಹೀಗೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಿಂದ ಶುರುಮಾಡೋಣ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಪ್ರೀತಿಯಿಂದಲೇ ಬೇಡ ಎನ್ನಿ. ಮೊದಲು ಯೇಸು ಹೇಗೆ ನಡೆದ, ಯಾರ ಮನೆಯಲ್ಲಿ ಉಂಡ, ಯಾವುದಕ್ಕೆ ನೊಂದ ಎಂಬುದು ಕಣ್ಣಿಗೆ ಕಟ್ಟಬೇಕು.

ಕನ್ನಡ ಸತ್ಯವೇದ ಓದುವಾಗ ಒಂದು ಎಚ್ಚರ ಬೇಕು. ಕೆಲವು ಪದಗಳು ದಿನದ ಮಾತಿನಲ್ಲಿ ಬೇರೆ ಅರ್ಥ ಕೊಡುತ್ತವೆ. 'ನೀತಿವಂತ' ಎಂದರೆ ಬೀದಿಯ ಕನ್ನಡದಲ್ಲಿ ಒಳ್ಳೆಯ ನಡತೆಯವನು. ಪೌಲ ಬರೆದ ಕಡೆ ಅದು ದೇವರ ನ್ಯಾಯಸ್ಥಾನದಲ್ಲಿ ನಿರ್ದೋಷಿ ಎಂದು ತೀರ್ಪು ಪಡೆದವನು. ಇದನ್ನು ಬಿಡಿಸಿ ಹೇಳದಿದ್ದರೆ ಓದುವವನು "ಮೊದಲು ನಾನು ಒಳ್ಳೆಯವನಾಗಬೇಕು, ಆಮೇಲೆ ದೇವರು ಒಪ್ಪುತ್ತಾನೆ" ಎಂದೇ ತಿಳಿದು ವರ್ಷಗಟ್ಟಲೆ ನರಳುತ್ತಾನೆ. 'ಪಶ್ಚಾತ್ತಾಪ'ವೂ ಹಾಗೆಯೇ, ನಮ್ಮ ಕಿವಿಗೆ ಅದು ಅತ್ತು ಹಗುರಾಗುವುದು. ಮಾರ್ಕ 1:15ರಲ್ಲಿ ಹಳೆಯ ಅನುವಾದ "ದೇವರ ಕಡೆಗೆ ತಿರುಗಿ"ಕೊಳ್ಳುವ ಮಾತಾಡುತ್ತದೆ. ಇದು ಎಷ್ಟೋ ವಾಸಿ, ಇದರಲ್ಲಿ ಕಾಲಿಗೆ ಕೆಲಸವಿದೆ.

ಓದು ಬಾರದವರು ಗುಂಪಿನಲ್ಲಿದ್ದರೆ ಕೊರತೆಯೆಂದು ಭಾವಿಸಬೇಡಿ. ಅವರಿಗೆ ಆಡಿಯೊ ಬೈಬಲ್ ಹಾಕಿಕೊಡಿ, ವಾರದಲ್ಲಿ ಮೂರು ಸಲ ಅದೇ ಅಧ್ಯಾಯ ಕೇಳಲಿ. ಅಕ್ಷರ ಬರುವವರು ಪುಟ ನೋಡುತ್ತಾರೆ, ಬಾರದವರು ಕಥೆಯನ್ನು ನೆನಪಿನಲ್ಲಿ ಹಿಡಿಯುತ್ತಾರೆ. ತಿರುಗಿ ಹೇಳುವಾಗ ಗೆಲ್ಲುವವರು ಇವರೇ. ಬೆಂಗಳೂರಿನಲ್ಲಿ ಇದರ ಉಲ್ಟಾ: ಕನ್ನಡ ಮಾತಾಡುವ, ಆದರೆ ಕನ್ನಡ ಓದಲು ಬಾರದ ಹುಡುಗರು. ತಮಗೆ ಬರುವ ಭಾಷೆಯಲ್ಲಿ ಓದಲಿ, ತಿರುಗಿ ಹೇಳುವಾಗ ಮಾತ್ರ ಕನ್ನಡದಲ್ಲಿ ಹೇಳಲಿ. ಮನೆಯಲ್ಲಿ ಅಮ್ಮನಿಗೆ ಹೇಳುವ ಭಾಷೆಗೆ ಬಂದ ಮೇಲೆಯೇ ವಾಕ್ಯ ಮನೆಯೊಳಗೆ ಬರುತ್ತದೆ. ದುಬೈ, ಕುವೈತ್‌ಗೆ ದುಡಿಯಲು ಹೋದವರು ವಿಡಿಯೊ ಕಾಲ್‌ನಲ್ಲಿ ಸೇರುವುದಾದರೆ ನಮ್ಮ ರಾತ್ರಿ 9.30 ಸರಿಯಾದ ಹೊತ್ತು; ಅಲ್ಲಿ ದುಬೈಯಲ್ಲಿ 8, ಕುವೈತ್‌ನಲ್ಲಿ 7. ಕ್ಯಾಮೆರಾ ಆನ್ ಇರಲೇಬೇಕು. ಮುಖ ಕಾಣದಿದ್ದರೆ ಅವನು ಸೋತಿದ್ದಾನೋ ಸುಮ್ಮನಿದ್ದಾನೋ ತಿಳಿಯುವುದಿಲ್ಲ.

ಕೂರುವುದು ಸರದಿಯ ಮೇಲೆ ಎಲ್ಲರ ಮನೆಯಲ್ಲಿ. ಇದನ್ನು ದಯವಿಟ್ಟು ಬಿಡಬೇಡಿ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎನ್ನುವ ಗಲಾತ್ಯ 3:28ನ್ನು ಪೀಠದಿಂದ ನೂರು ಸಲ ಓದಿದರೂ, ಯಾರ ಮನೆಯ ಲೋಟದಲ್ಲಿ ಯಾರು ಚಹಾ ಕುಡಿಯುತ್ತಾರೆ ಎಂಬುದರಲ್ಲಿ ಜಾತಿ ಇನ್ನೂ ಉಸಿರಾಡುತ್ತಿರುತ್ತದೆ. ಒಬ್ಬರು ಕೆಲವರ ಮನೆಯ ವಾರಕ್ಕೆ ಮಾತ್ರ ತಪ್ಪಿಸುತ್ತಿದ್ದರೆ ಕಾರಣ ಅದೇ ಇರಬಹುದು. ಅದನ್ನು ಅವರೊಬ್ಬರನ್ನೇ ಕೂರಿಸಿ, ಮೆತ್ತಗೆ, ಆದರೆ ನೇರವಾಗಿ ಕೇಳಬೇಕು. ಇನ್ನೊಂದು, ತಿಂಡಿ ಚಹಾ ಬಿಸ್ಕತ್ತಿಗೆ ಮಾತ್ರ ಸೀಮಿತ ಎಂದು ಮೊದಲೇ ನಿಶ್ಚಯಿಸಿ. ಒಬ್ಬರ ಮನೆಯಲ್ಲಿ ಕೇಸರಿಬಾತ್ ಉಪ್ಪಿಟ್ಟು ಬಂದರೆ ಮುಂದಿನ ವಾರದ ಬಡಮನೆಯವಳು ಸಾಲ ಮಾಡಿ ಬೋಂಡಾ ಕರಿಯುತ್ತಾಳೆ, ಅದರ ಮುಂದಿನ ಸರದಿಗೆ ಮನೆಯಲ್ಲಿ ಜ್ವರ ಎಂದು ಹೇಳಿ ಕಳಿಸುತ್ತಾಳೆ.

ಒಂದು ವಾರ, ಹತ್ತಿರದಿಂದ

ಒಟ್ಟು 75 ನಿಮಿಷ. ಮೊದಲ 15 ಕಳೆದ ವಾರದ ತೀರ್ಮಾನ ಏನಾಯಿತೆಂದು ಕೇಳಲು, 35 ಓದಲು, 10 ಈ ವಾರದ ತೀರ್ಮಾನಕ್ಕೆ, ಕೊನೆಯ 15 ಪ್ರಾರ್ಥನೆಗೆ. ಎದುರಿಗೆ ಗಡಿಯಾರ ಇರಲಿ. ಹೆಚ್ಚಿನ ಗುಂಪುಗಳಲ್ಲಿ ಓದು 60 ನಿಮಿಷ ನುಂಗಿ, ತೀರ್ಮಾನ "ಸರಿ, ಎಲ್ಲರೂ ಪಾಲಿಸೋಣ" ಎಂಬ ಒಂದು ಸಾಲಿಗೆ ಇಳಿಯುತ್ತದೆ. ಹಾಗಾದ ವಾರ ಕೂತದ್ದೂ ಒಂದೇ, ಕೂರದಿದ್ದದ್ದೂ ಒಂದೇ.

ಮಾರ್ಕ 2ರ ಮೊದಲ 12 ವಚನ ತೆಗೆದುಕೊಳ್ಳಿ. ಕಪೆರ್ನೌಮಿನ ಮನೆ, ಬಾಗಿಲ ತನಕ ಜನ, ಪಾರ್ಶ್ವವಾಯು ಹೊಡೆದವನನ್ನು ಹೊತ್ತ ನಾಲ್ವರು. ಒಬ್ಬರು ಗಟ್ಟಿಯಾಗಿ ಓದಲಿ. ಇನ್ನೊಬ್ಬರು ಅದನ್ನೇ ಮತ್ತೆ ಓದಲಿ. ಆಮೇಲೆ ಪುಸ್ತಕ ಮುಚ್ಚಿ ಮೂರನೆಯವರು ತಮ್ಮ ಮಾತಿನಲ್ಲಿ ಹೇಳಲಿ. ಬಿಟ್ಟುಹೋದದ್ದನ್ನು, ಸೇರಿಸಿದ್ದನ್ನು ಉಳಿದವರು ತೋರಿಸಲಿ. ಸೇರಿಸಿದ್ದೇ ಹೆಚ್ಚು ಇರುತ್ತದೆ. ಎಂದೋ ಕೇಳಿದ ಪ್ರಸಂಗ, ನೋಡಿದ ಸಿನಿಮಾ ಎಲ್ಲ ಬೆರೆತು ಬರುತ್ತದೆ. "ಅವನು ಅಳುತ್ತಾ ಯೇಸುವನ್ನು ಬೇಡಿಕೊಂಡ" ಎಂದು ಒಬ್ಬರಾದರೂ ಹೇಳಿಯಾರು. ಪುಸ್ತಕ ತೆರೆದು ನೋಡಿ: ರೋಗಿ ಇಡೀ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು, ಹೊತ್ತು ತಂದವರದ್ದನ್ನೂ ಸೇರಿಸಿ. ಇದನ್ನು ನಡೆಸುವವರು ಹೇಳಿಬಿಟ್ಟರೆ ಐದು ನಿಮಿಷದಲ್ಲಿ ಮರೆಯುತ್ತದೆ. ಕೂತವರೇ ಕಂಡುಕೊಂಡರೆ ವರ್ಷಗಟ್ಟಲೆ ಉಳಿಯುತ್ತದೆ.

ಚಾವಣಿಯ ವಿಷಯದಲ್ಲಿ ನಮ್ಮ ನಾಡಿನ ಓದುಗರಿಗೆ ಒಂದು ಅನುಕೂಲವಿದೆ. ಬಳ್ಳಾರಿ, ರಾಯಚೂರು ಕಡೆ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಮಾರ್ಕ ಹೇಳುವ "ಅಗೆದು" ಎಂಬ ಮಾತು ಥಟ್ಟನೆ ಅರ್ಥವಾಗುತ್ತದೆ. ತೊಲೆ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಅಗೆದರೆ ಕೆಳಗೆ ಕೂತವರ ತಲೆ ಮೇಲೆ, ಯೇಸುವಿನ ತಲೆ ಮೇಲೂ, ಮಣ್ಣು ಉದುರಿರಲೇಬೇಕು. ಕರಾವಳಿಯವರು ಹೆಂಚು ತೆಗೆದ ಹಾಗೆ ಕಲ್ಪಿಸಿಕೊಳ್ಳುತ್ತಾರೆ. ಲೂಕ 5:19ರಲ್ಲಿ ಹೆಂಚಿನ ಮಾತೇ ಇದೆ. ಹೇಗೇ ಇರಲಿ, ಮನೆ ಬೇರೆಯವರದ್ದು, ಚಾವಣಿ ಹಾಳಾಯಿತು, ಅದನ್ನು ಯಾರು ಸರಿ ಮಾಡಿಸಿದರೆಂದು ಮಾರ್ಕ ಹೇಳುವುದಿಲ್ಲ. "ನೀವು ಆ ಮನೆಯವರಾಗಿದ್ದರೆ?" ಎಂದು ಕೇಳಿ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಆ ಹತ್ತು ಸೆಕೆಂಡಿನ ಮೌನ ತಾಳದೆ ತಾವೇ ಉತ್ತರ ಹೇಳಿಬಿಡುವುದು ನಡೆಸುವವರು ಮಾಡುವ ಮೊದಲ ತಪ್ಪು. ಮೂರು ವಾರ ಹಾಗೆ ಮಾಡಿದರೆ ಉಳಿದವರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ.

ಪ್ರಶ್ನೆಗಳು ಮೂರೇ ಇರಲಿ, ಪ್ರತಿ ವಾರ ಅವೇ: ಇಲ್ಲಿ ಯೇಸು ಎಂಥವನೆಂದು ಕಾಣುತ್ತದೆ? ಮನುಷ್ಯರು ಎಂಥವರೆಂದು ಕಾಣುತ್ತದೆ? ಇದು ನಿಜವಾದರೆ ಈ ವಾರ ನಾನು ಏನು ಮಾಡಬೇಕು? ಹೊಸ ಹೊಸ ಪ್ರಶ್ನೆ ಹುಡುಕುವ ಆಸೆ ಬರುತ್ತದೆ. ಬೇಡ. ಸುಲಭದ ಮೂರು ಪ್ರಶ್ನೆ ನಾಲಗೆಗೆ ಹತ್ತಿದರೆ ಅವರು ಮುಂದಿನ ವರ್ಷ ಯಾರ ಜೊತೆಗಾದರೂ ಕೂತು ಕೇಳಬಲ್ಲರು. ಉತ್ತರ ಗೊತ್ತಿಲ್ಲದ ಪ್ರಶ್ನೆ ಎದ್ದರೆ ಬರೆದುಕೊಂಡು "ಮುಂದಿನ ವಾರ ನೋಡೋಣ" ಎನ್ನಿ, ಅಯ್ಯನವರನ್ನು ಕೇಳಿ ಬನ್ನಿ.

ತೀರ್ಮಾನದಲ್ಲಿ ಯಾರು, ಯಾವಾಗ, ಏನು ಎಂಬುದಿರಬೇಕು. "ಇನ್ನು ಮೇಲೆ ಹೆಚ್ಚು ಪ್ರೀತಿಸುತ್ತೇನೆ" ಎಂಬುದು ತೀರ್ಮಾನವಲ್ಲ. "ಗುರುವಾರ ಸಂಜೆ ಕೆಲಸದಿಂದ ಬರುತ್ತಾ ಅಣ್ಣನ ಮನೆಗೆ ಹೋಗಿ ಕಾಲು ಗಂಟೆ ಕೂತು ಬರುತ್ತೇನೆ, ಆಸ್ತಿ ಮಾತು ಎತ್ತುವುದಿಲ್ಲ." ಇದು ತೀರ್ಮಾನ. ಮುಂದಿನ ವಾರ ಹೋದೆಯಾ ಎಂದು ಕೇಳಿದರೆ ಹೌದು ಇಲ್ಲ ಎರಡರಲ್ಲಿ ಒಂದು ಉತ್ತರ ಬರುತ್ತದೆ. ಇಲ್ಲ ಎಂದರೆ ಬೈಯಬೇಡಿ, ಯಾವುದು ತಡೆಯಿತೆಂದು ಕೇಳಿ. ಭಯವೋ, ಅಭಿಮಾನವೋ, ಬರೀ ಮರೆವೋ, ಮೂರಕ್ಕೂ ಮದ್ದು ಬೇರೆ. ನಡೆಸುವವರು ತಮ್ಮ ತೀರ್ಮಾನವನ್ನೂ ಹೇಳಬೇಕು, ಸೋತದ್ದನ್ನೂ ಹೇಳಬೇಕು. ಎರಡು ತಿಂಗಳಾದರೂ ಒಮ್ಮೆಯೂ ಸೋಲದವರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಕೆಡುವುದು ಎಲ್ಲಿ

6ನೇ ವಾರದಿಂದ 8ನೇ ವಾರದ ನಡುವೆ ಉತ್ಸಾಹ ಇಳಿಯುತ್ತದೆ. ಹೊಸತನ ಮುಗಿದಿರುತ್ತದೆ, ಬದಲಾವಣೆ ಇನ್ನೂ ಕಾಣಿಸಿರುವುದಿಲ್ಲ. ಆ ಹೊತ್ತಿನಲ್ಲಿ ಸಾಲಾಗಿ ಎರಡು ವಾರ ತಪ್ಪಿದರೆ ಗುಂಪು ಹೋಯಿತೆಂದೇ ತಿಳಿಯಿರಿ. ಒಬ್ಬರೇ ಬಂದರೂ ಒಬ್ಬರ ಜೊತೆ ಕೂರಿ, ವಾರ ತಪ್ಪಿಸಬೇಡಿ.

ವಾಟ್ಸಾಪ್ ಇನ್ನೊಂದು ಗುಂಡಿ. ದಿನಾ ಬೆಳಗ್ಗೆ ವಾಕ್ಯದ ಚಿತ್ರ ಬರುತ್ತದೆ, ಕೈಮುಗಿಯುವ ಎಮೋಜಿ ಹೋಗುತ್ತದೆ, ಓದಿದ ತೃಪ್ತಿ ಬರುತ್ತದೆ, ಅಧ್ಯಾಯ ಹಾಗೇ ಉಳಿಯುತ್ತದೆ. ಗುಂಪಿನ ವಾಟ್ಸಾಪನ್ನು ಸಮಯ, ಮನೆ, ಅಧ್ಯಾಯ ತಿಳಿಸಲು ಮಾತ್ರ ಬಳಸಿ. ಅದಕ್ಕಿಂತ ಹೆಚ್ಚು ನೋವು ಕೊಡುವುದು ಪ್ರಾರ್ಥನಾ ವಿಜ್ಞಾಪನೆಯ ವೇಷದಲ್ಲಿ ಹೊರಗೆ ಹೋಗುವ ಗುಟ್ಟು. "ಅವರ ಸಂಸಾರಕ್ಕಾಗಿ ಪ್ರಾರ್ಥಿಸಿ, ಸ್ವಲ್ಪ ಸರಿ ಇಲ್ಲ" ಎಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಹೇಳಿದ ಒಂದು ಮಾತಿಗೆ ಒಬ್ಬ ಹೆಣ್ಣುಮಗಳು ಮತ್ತೆಂದೂ ಬಾಯಿ ತೆರೆಯದೆ ಹೋಗುತ್ತಾಳೆ. ಹಾಗಾದರೆ ಹೇಳಿದವರು ಅವಳ ಮನೆಗೇ ಹೋಗಿ, ಗುಂಪಿನ ಮುಂದೆಯೇ ಕ್ಷಮೆ ಕೇಳಬೇಕು. ಮುಚ್ಚಿಹಾಕಿದರೆ ಗುಂಪು ಇರುತ್ತದೆ, ಒಳಗೆ ಜೀವ ಇರುವುದಿಲ್ಲ.

ನಡೆಸುವವರು ಯಜಮಾನರಾಗುವುದು ಎಲ್ಲಕ್ಕಿಂತ ದೊಡ್ಡ ಕೇಡು. ಯಾವ ಹುಡುಗಿಯನ್ನು ಮದುವೆಯಾಗಬೇಕು, ಯಾವ ಕೆಲಸ ಬಿಡಬೇಕು ಎಂದು "ದೇವರು ನನಗೆ ತೋರಿಸಿದ್ದಾರೆ" ಎಂಬ ಮಾತು ಬಂದ ದಿನವೇ ಸಭಾಪಾಲಕರು ಆ ಗುಂಪನ್ನು ವಿಚಾರಿಸಬೇಕು. ವಾಕ್ಯವೋ ನಾಡಿನ ಕಾನೂನೋ ಸ್ಪಷ್ಟವಾಗಿ ಹೇಳುವಲ್ಲಿ ನಾವೂ ಸ್ಪಷ್ಟವಾಗಿರೋಣ. ವರದಕ್ಷಿಣೆ ತೆಗೆದುಕೊಳ್ಳಬಾರದು, ಹೆಂಡತಿಗೆ ಹೊಡೆಯಬಾರದು, ಕೂಲಿ ತಡೆಹಿಡಿಯಬಾರದು. ಇಲ್ಲಿ "ನಿಮ್ಮಿಷ್ಟ" ಎನ್ನುವಂತಿಲ್ಲ. ಉಳಿದ ಕಡೆ ಅವರೇ ಪ್ರಾರ್ಥಿಸಿ, ಯೋಚಿಸಿ ನಿರ್ಧರಿಸಲು ಕಲಿಯಬೇಕು. ಭೇದ ತಿಳಿಯುವ ಶಕ್ತಿ ರೂಢಿಯಿಂದ ಬರುತ್ತದೆಂದು ಇಬ್ರಿಯ ಪತ್ರಿಕೆ ಹೇಳುತ್ತದೆ. ರೂಢಿಗೆ ಅವಕಾಶವನ್ನೇ ಕೊಡದಿದ್ದರೆ ಅದು ಎಲ್ಲಿಂದ ಬರಬೇಕು?

ಅದಕ್ಕೇ ಕೈ ಬದಲಾಯಿಸುವುದನ್ನು ಮೊದಲೇ ಲೆಕ್ಕ ಹಾಕಿಡಬೇಕು. 1ರಿಂದ 10ನೇ ವಾರ ನಡೆಸುವವರೇ ನಡೆಸಲಿ. 11ರಿಂದ 25ರವರೆಗೆ ಓದಿನ 35 ನಿಮಿಷವನ್ನು ಸರದಿಯಂತೆ ಉಳಿದವರು ನಡೆಸಲಿ. 26ರಿಂದ 40ರವರೆಗೆ ಇಡೀ 75 ನಿಮಿಷ ಅವರದ್ದೇ, ನಡೆಸುತ್ತಿದ್ದವರು ಮೂಲೆಯಲ್ಲಿ ಕೂತ ಸದಸ್ಯರು. ಮುಗಿದ ಮೇಲೆ ಒಂದೇ ಒಂದು ತಿದ್ದುಪಡಿ ಹೇಳಿ, ಐದಲ್ಲ. ಅದನ್ನೂ ಒಬ್ಬರನ್ನೇ ಕರೆದು ಹೇಳಿ. ಪ್ರಿಸ್ಕಿಲ್ಲ, ಅಕ್ವಿಲ ದಂಪತಿಗಳು ಬೋಧಕನಾದ ಅಪೊಲ್ಲೋಸನನ್ನು ಸಭಾಮಂದಿರದಲ್ಲಿ ಎದ್ದು ನಿಂತು ತಿದ್ದಲಿಲ್ಲ, ತಮ್ಮ ಹತ್ತಿರ ಕರೆದುಕೊಂಡು ಬಿಡಿಸಿ ಹೇಳಿದರೆಂದು ಅಪೊಸ್ತಲರ ಕೃತ್ಯಗಳು 18ರಲ್ಲಿದೆ.

ಒಬ್ಬರು ಮೂವರಾಗಿ, ಮೂವರು ಒಂಬತ್ತಾಗಿ, ಒಂಬತ್ತು 27 ಆಗುವ ಚಾರ್ಟುಗಳನ್ನು ತರಬೇತಿ ಶಿಬಿರಗಳಲ್ಲಿ ತೋರಿಸುತ್ತಾರೆ. ನಿಜದಲ್ಲಿ ಮೂವರಲ್ಲಿ ಒಬ್ಬರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಇಲ್ಲವೇ ಒಬ್ಬಳು ಮದುವೆಯಾಗಿ ಹೋಗುತ್ತಾಳೆ, ಒಬ್ಬರೋ ಇಬ್ಬರೋ ಉಳಿಯುತ್ತಾರೆ. ಅರ್ಧ ಜನ ಮಾತ್ರ ಮುಂದುವರಿಯುತ್ತಾರೆಂದು ಲೆಕ್ಕ ಹಾಕಿ. ಮೊದಲ ವರ್ಷ ಅಯ್ಯನವರದ್ದು ಒಂದು ಗುಂಪು, ಅವರ ಮನೆಯವರದ್ದೋ ಸಭೆಯ ಹಿರಿಯ ತಾಯಿಯೊಬ್ಬರದ್ದೋ ಇನ್ನೊಂದು, 6 ಜನ. ಎರಡನೇ ವರ್ಷ ಅವರಲ್ಲಿ 3 ಜನ ತಲಾ 3 ಜನರೊಡನೆ ಕೂತರೆ 9. ಮೂರನೇ ವರ್ಷ ಆ 3 ಜನರ ಜೊತೆಗೆ ಹೊಸದಾಗಿ 4 ಜನ, 7 ಗುಂಪು, 21 ಜನ. ಮೂರು ವರ್ಷಕ್ಕೆ 36. ಇದು ಕಮಿಟಿಯ ವರದಿಯಲ್ಲಿ ಮಿಂಚುವ ಸಂಖ್ಯೆಯಲ್ಲ. ಆದರೆ ಒಂದು ಸಭೆಯಲ್ಲಿ ಮುನಿಸನ್ನು ತಾವೇ ಹೋಗಿ ಮುರಿಯುವ, ಬಾರದವರನ್ನು ಹುಡುಕಿಕೊಂಡು ಹೋಗುವ 36 ಜನ ಇದ್ದರೆ ಆ ಸಭೆಯ ಗಾಳಿಯೇ ಬೇರೆ. ಮೊದಲ ವರ್ಷ ನಡೆಸಿದವರು ಎರಡನೇ ವರ್ಷ ಹೊಸ ಗುಂಪು ಹಿಡಿಯದೆ, ಹೊಸದಾಗಿ ನಡೆಸುವ ಮೂವರನ್ನು ತಿಂಗಳಿಗೊಮ್ಮೆ ಕೂರಿಸಿ ವಿಚಾರಿಸಲಿ. ಆ ಮೂವರು ಅತಿ ಹೆಚ್ಚು ಒಂಟಿಯಾಗುವುದು ಆ ವರ್ಷವೇ.

40ನೇ ವಾರದ ಪಾಠವನ್ನು ಬೇಗ ಮುಗಿಸಿ. ಫಿಲಿಪ್ಪಿಯ ಮೊದಲ 11 ವಚನ ಓದಿ. ಮೊದಲ ದಿನ ಒಪ್ಪಿಕೊಂಡ ಐದನೆಯ ಮಾತನ್ನು ನೆನಪಿಸಿ, ಪ್ರತಿಯೊಬ್ಬರೂ ಒಂದು ಹೆಸರು ಹೇಳಲಿ: ಮುಂದಿನ ವರ್ಷ ನಾನು ಯಾರ ಜೊತೆ ಕೂರುತ್ತೇನೆ. ಆ ಹೆಸರುಗಳನ್ನು ಎಲ್ಲರೂ ತಮ್ಮ ತಮ್ಮ ಸತ್ಯವೇದದ ಕೊನೆಯ ಖಾಲಿ ಪುಟದಲ್ಲಿ ಬರೆದುಕೊಳ್ಳಲಿ, ಒಬ್ಬರು ಇನ್ನೊಬ್ಬರ ಹೆಸರುಗಳನ್ನೂ. ಹೆಸರು ಹೇಳಲಾಗದವರು ಇರುತ್ತಾರೆ, ಅವರನ್ನು ಎಲ್ಲರೆದುರು ಒತ್ತಾಯಿಸಬೇಡಿ. ಮುಂದಿನ ವಾರದ ಅದೇ ದಿನ, ಅದೇ ಹೊತ್ತಿಗೆ ಅವರ ಮನೆಗೆ ಒಂದು ಫೋನ್ ಮಾಡಿ.